ಚೀಲದೊಳಗಿನ ಲಾರಿ

ಬಕೆಟ್ಟಿನಿಂದ ನೀರು ಕಾಯಿಸುವ ಕಾಯಿಲನ್ನು ಮೇಲೆತ್ತಿದರೆ ಅದರ ಮೈತುಂಬ ಬಿಳಿ ಪರೆ. ನಮ್ಮ ಚಾಮರಾಜನಗರದ ಬೋರ್‌ವೆಲ್ ನೀರಿನ ಗುಣವೇ ಅದು. ಕುಡಿದವರ ಹೊಟ್ಟೆಯಲ್ಲಿ ಕಲ್ಲು, ಕಾಯಿಸಿದ ಪಾತ್ರೆಯಲ್ಲಿ ಸುಣ್ಣ. ನನ್ನ ಹೆಂಡತಿ ಸವಿತ ತಿಂಗಳಿಗೊಮ್ಮೆ ಆ ಕಾಯಿಲನ್ನು ನನ್ನ ಮುಂದೆ ಇಟ್ಟು, ಕಂಪ್ಯೂಟರ್ ಬಿಚ್ಚುವ ಕೈಗೆ ಇದನ್ನು ಉಜ್ಜಲು ಬಾರದೇ ಎಂದು ಕೇಳುತ್ತಾಳೆ. ಬರುತ್ತದೆ. ಹುಣಸೆಹಣ್ಣು ಕಿವುಚಿ ಹಚ್ಚಿ ಅರ್ಧ ಗಂಟೆ ಬಿಟ್ಟರೆ ಸುಣ್ಣ ಚಕ್ಕೆ ಚಕ್ಕೆಯಾಗಿ ಏಳುತ್ತದೆ. ಆ ಚಕ್ಕೆಗಳನ್ನು ಕಂಡಾಗಲೆಲ್ಲ ನಾನು ಮುಖ ತಿರುಗಿಸುತ್ತೇನೆ. ಸುಣ್ಣ ನೋಡಿ ಸಂಕಟಪಡುವ ಗಂಡಸು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು. ಯಾಕೆಂದು ಹೇಳುತ್ತೇನೆ. ಹೇಳಿದ ಮೇಲೆ ನಿಮಗೆ ನನ್ನ ಮೇಲೆ ಗೌರವ ಕಡಿಮೆಯಾದೀತು, ಆಗಲಿ ಬಿಡಿ.

ನಾನು ಇಲ್ಲಿನ ಕಾಲೇಜೊಂದರ ಕಂಪ್ಯೂಟರ್ ಲ್ಯಾಬಿನಲ್ಲಿ ಕೆಲಸ ಮಾಡುವವನು. ಹುಡುಗರು ಸರ್ ಅನ್ನುತ್ತಾರೆ, ಮೇಷ್ಟ್ರುಗಳು ಏನ್ರೀ ಅನ್ನುತ್ತಾರೆ, ಪ್ರಿಂಟರ್ ಕೆಟ್ಟಾಗ ಮಾತ್ರ ಎಲ್ಲರೂ ಹೆಸರು ಹಿಡಿದು ಕರೆಯುತ್ತಾರೆ. ಹುಟ್ಟೂರು ಗುಂಡ್ಲುಪೇಟೆ ತಾಲ್ಲೂಕಿನ ಭೀಮನಬೀಡು. ನಾವು ಮೂವರು ಗಂಡುಮಕ್ಕಳು. ದೊಡ್ಡಣ್ಣ ಊರಿನಲ್ಲೇ ಅರಿಶಿನ, ಸಣ್ಣ ಈರುಳ್ಳಿ ಬೆಳೆದುಕೊಂಡಿದ್ದಾನೆ. ಕೊನೆಯವನು ನಾನು. ನಡುವಿನವನು ಗುರುಮಲ್ಲಣ್ಣ, ಲಾರಿ ಡ್ರೈವರು. ಡ್ರೈವರಾಗಿದ್ದ ಎಂದು ಬರೆಯಬೇಕು, ಆದರೆ ಅವನ ವಿಷಯದಲ್ಲಿ ಹಾಗೆ ಬರೆಯಲು ಕೈ ಬರುವುದಿಲ್ಲ.

ಗುಂಡ್ಲುಪೇಟೆಯಲ್ಲಿ ತರಕಾರಿ ತುಂಬಿಕೊಂಡು ಗಡಿಯ ಮದ್ದೂರಿನ ಕಾಡು ದಾಟಿ ಕೇರಳಕ್ಕೆ ಇಳಿಸಿ ಬರುವುದು ಅವನ ಕೆಲಸ. ಬರುವಾಗ ನೇಂದ್ರಬಾಳೆ ಚಿಪ್ಸು ತರುತ್ತಿದ್ದ, ಒಂದಷ್ಟು ಮಲಯಾಳಂ ಬೈಗುಳವನ್ನೂ ತರುತ್ತಿದ್ದ. ಹೆಣ್ಣು ನೋಡಲು ಹೋಗಬೇಕಾದ ದಿನ ಬಾಡಿಗೆ ಸಿಕ್ಕಿತೆಂದು ಲಾರಿ ಹತ್ತಿ ಹೊರಟೇಹೋದವನು ಅವನು. ಹೆಣ್ಣಿನ ಮನೆಯವರು ಮಧ್ಯಾಹ್ನದವರೆಗೆ ಕಾದು, ಮಾಡಿಟ್ಟ ಉಪ್ಪಿಟ್ಟನ್ನು ತಾವೇ ತಿಂದರಂತೆ. ಆಮೇಲೆ ಅವ್ವ ಎಷ್ಟು ಹೇಳಿದರೂ ಅವನು ಆ ಮಾತು ಎತ್ತಗೊಡಲಿಲ್ಲ.

ಒಂದು ಸಂಜೆ ಮದ್ದೂರಿನ ಆಚೆ ಕಡವೆಯೊಂದು ರಸ್ತೆಗೆ ಹಾರಿತು. ತಪ್ಪಿಸಲು ಹೋಗಿ ಲಾರಿ ಹಳ್ಳಕ್ಕೆ ಮಗುಚಿತು. ಕಡವೆ ಉಳಿಯಿತು, ಲೋಡು ಟೊಮ್ಯಾಟೊ ಹೋಯಿತು, ಗುರುಮಲ್ಲಣ್ಣನಿಗೆ ಸೊಂಟದಿಂದ ಕೆಳಗೆ ಸ್ವಾಧೀನ ಹೋಯಿತು. ಆಸ್ಪತ್ರೆಗೆ ನೋಡಲು ಬಂದ ಊರಿನವರದ್ದೆಲ್ಲ ಒಂದೇ ಮಾತು: ಕಡವೆಗೆ ಹೋಗಿ ಯಾರಾದರೂ ಸ್ಟೇರಿಂಗ್ ತಿರುಗಿಸುತ್ತಾರೆಯೆ? ಕಿತ್ತಳೆ ಹಣ್ಣು ಕೈಗಿಟ್ಟು ಅದೇ ಮಾತು ಹೇಳಿ ಹೋಗುತ್ತಿದ್ದರು. ನಾನು ಮಾತ್ರ ಆಗ ಹಾಗೆ ಹೇಳಿರಲಿಲ್ಲ. ಆ ಒಂದು ಪುಣ್ಯ ನನ್ನ ಲೆಕ್ಕದಲ್ಲಿತ್ತು, ಅದನ್ನೂ ಆಮೇಲೆ ಕಳೆದುಕೊಂಡೆ.

ಅವ್ವ ಇರುವಷ್ಟು ದಿನ ಅವನನ್ನು ಅವಳೇ ನೋಡಿಕೊಂಡಳು. ಅವಳು ಹೋದ ಮೇಲೆ, ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರೆಲ್ಲ ಹೊರಟ ಮಧ್ಯಾಹ್ನ, ದೊಡ್ಡಣ್ಣ ನನ್ನನ್ನು ಹಟ್ಟಿಯ ಮುಂದಿನ ಕಲ್ಲಿನ ಮೇಲೆ ಕೂರಿಸಿಕೊಂಡ. ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಂದು ತಿಂಗಳು ನಿನ್ನ ಹತ್ತಿರ, ಒಂದು ತಿಂಗಳು ನನ್ನ ಹತ್ತಿರ, ಯಾರಿಗೂ ಭಾರವಾಗಬಾರದು ಎಂದ. ನ್ಯಾಯವಾದ ಮಾತೇ. ನಾನೂ ತಲೆಯಾಡಿಸಿದೆ. ಗುರುಮಲ್ಲಣ್ಣ ಅಲ್ಲೇ ಹತ್ತು ಅಡಿ ದೂರದಲ್ಲಿ ಗಾಲಿಕುರ್ಚಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ. ಅವನನ್ನು ಕೇಳಬೇಕೆಂದು ನಮ್ಮಿಬ್ಬರಿಗೂ ಹೊಳೆಯಲಿಲ್ಲ ನೋಡಿ. ಎತ್ತು ಹಂಚಿಕೊಳ್ಳುವಾಗ ಎತ್ತನ್ನು ಯಾರು ಕೇಳುತ್ತಾರೆ?

ಅಲ್ಲಿಂದ ಶುರುವಾಯಿತು ಅವನ ಹೊಸ ಬಾಡಿಗೆ. ಅಮಾವಾಸ್ಯೆ ಬಂತೆಂದರೆ ತೆರಕಣಾಂಬಿ ಮೇಲೆ ಹೋಗುವ ಒಂದು ಬಾಡಿಗೆ ಕಾರು, ಡಿಕ್ಕಿಯಲ್ಲಿ ಮಡಿಸಿದ ಗಾಲಿಕುರ್ಚಿ, ಹಿಂದಿನ ಸೀಟಿನಲ್ಲಿ ಒಂದು ಚೀಲ. ಚೀಲದಲ್ಲಿ ಎರಡು ಲುಂಗಿ, ಮಾತ್ರೆ, ಮೂತ್ರದ ಟ್ಯೂಬು, ವಿಭೂತಿ ಉಂಡೆ. ಮುಂದಿನ ಸೀಟಿನಲ್ಲಿ ಅವನು. ಕಾರಿನ ಡ್ರೈವರು ಪಾಪ, ಒಂದು ಗಂಟೆಯ ದಾರಿಯುದ್ದಕ್ಕೂ ಪರೀಕ್ಷೆಗೆ ಕೂತವನ ಹಾಗೆ ಕೂತಿರುತ್ತಿದ್ದ. ಗೇರು ಇಳಿಸು, ಕ್ಲಚ್ಚಿನ ಮೇಲೆ ಕಾಲಿಡಬೇಡ, ತಿರುವಿನಲ್ಲಿ ಹಾರನ್ ಹೊಡಿ ಎಂದು ಇವನ ಪಾಠ ನಡೆಯುತ್ತಿತ್ತು. ನಮ್ಮ ಮನೆ ತಲುಪಿದ ಮೇಲೆ ಮಾತು ನಿಲ್ಲುತ್ತಿತ್ತು. ಮುಂದಿನ ಅಮಾವಾಸ್ಯೆಯವರೆಗೆ ನಿಂತಂತೆಯೇ.

ನಮ್ಮ ಮನೆಯಲ್ಲಿ ಅವನು ಕಿಟಕಿಯ ಹತ್ತಿರ ಕೂತು ಫೋನಿನಲ್ಲಿ ಲಾರಿಗಳನ್ನು ನೋಡುತ್ತಿದ್ದ. ಯಾರೋ ಎಲ್ಲೋ ಲಾರಿ ಓಡಿಸುತ್ತಿರುತ್ತಾರೆ, ರಸ್ತೆ ಬರುತ್ತಿರುತ್ತದೆ, ಅಷ್ಟೇ. ಅದನ್ನು ನೋಡುವಾಗ ಅವನ ಬಲಗೈ ತೊಡೆಯ ಪಕ್ಕದಲ್ಲಿ ಸಣ್ಣಗೆ ಅಲ್ಲಾಡುತ್ತಿತ್ತು. ಏನೆಂದು ಎರಡು ದಿನ ಗಮನಿಸಿದೆ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಇಲ್ಲದ ಸ್ಟೇರಿಂಗು. ಅವತ್ತು ನನಗೆ ಊಟ ಸೇರಲಿಲ್ಲ. ಇವನಿಗೊಂದು ಲಾರಿ ಮಾಡಿಕೊಡುತ್ತೇನೆ ಎಂದು ಸವಿತಳಿಗೆ ಹೇಳಿದೆ. ಅವಳು ನನ್ನ ಮುಖ ನೋಡಿ, ಮೊದಲು ಬಚ್ಚಲಿನ ನಲ್ಲಿ ಸರಿಮಾಡಿ ಎಂದಳು.

ಲಾರಿ ಓಡಿಸುವ ಆಟ ಇದೆ, ಗೊತ್ತಲ್ಲ. ಆದರೆ ಅದು ಚೆನ್ನಾಗಿ ಓಡಬೇಕಾದರೆ ಕಂಪ್ಯೂಟರು ಗಟ್ಟಿ ಇರಬೇಕು, ಒಳ್ಳೆಯ ಗ್ರಾಫಿಕ್ಸ್ ಕಾರ್ಡು ಬೇಕು. ಅಂಥದ್ದು ಸಾಮಾನ್ಯವಾಗಿ ಒಂದು ಸಣ್ಣ ಬೀರುವಿನಷ್ಟಿರುತ್ತದೆ. ಇವನದೋ ತಿಂಗಳಿಗೊಂದು ಊರು. ಹಾಗಾಗಿ ಎತ್ತಿಕೊಂಡು ಹೋಗುವಂಥದ್ದು ಬೇಕು ಎಂದು ತೀರ್ಮಾನಿಸಿದೆ. ಲ್ಯಾಪ್‌ಟಾಪ್ ಕೊಡಿಸಿದ್ದರೆ ಆಗುತ್ತಿರಲಿಲ್ಲವೆ ಎಂದು ನೀವು ಕೇಳುತ್ತೀರಿ. ಸವಿತಳೂ ಕೇಳಿದಳು. ಆಗುತ್ತಿತ್ತೋ ಏನೋ. ಆದರೆ ಇಪ್ಪತ್ತು ವರ್ಷ ಬೇರೆಯವರ ಕೆಟ್ಟ ಕಂಪ್ಯೂಟರಿನ ಧೂಳು ಕುಡಿದವನಿಗೆ ಒಂದು ಸಲ ತಾನೇ ಒಂದನ್ನು ಹುಟ್ಟಿಸಬೇಕೆಂಬ ಹುಚ್ಚು ಇರುವುದಿಲ್ಲವೆ? ಅಣ್ಣನ ನೆಪದಲ್ಲಿ ಅದನ್ನೂ ತೀರಿಸಿಕೊಂಡೆ. ಆಮೇಲೆ ಯೋಚಿಸಿದರೆ ಯಾರು ಯಾರಿಗೆ ನೆಪವಾಗಿದ್ದರೋ ಹೇಳುವುದು ಕಷ್ಟ.

ಡಬ್ಬ ಎಷ್ಟಿತ್ತೆಂದರೆ ಎರಡು ಇಟ್ಟಿಗೆ ಪಕ್ಕಪಕ್ಕ ನಿಲ್ಲಿಸಿದಷ್ಟು. ಅದರೊಳಗೆ ಬೋರ್ಡು, ಕಾರ್ಡು, ಪವರ್ ಸಪ್ಲೈ, ಫ್ಯಾನು ಎಲ್ಲ ಕೂರಬೇಕು. ಒಂದು ವೈರು ತಿರುಗಿಸಲು ಒಂದು ಸಂಜೆ ಹಿಡಿಯುತ್ತಿತ್ತು. ಡಬ್ಬ ಸಣ್ಣದಾದಷ್ಟೂ ಒಳಗೆ ಕಾವು ಹೆಚ್ಚು. ಒಂದೇ ಕೋಣೆಯ ಮನೆಯಲ್ಲಿ ಮೂರು ಸಂಸಾರ ಇಟ್ಟಂತೆ, ಯಾರೂ ಕೆಟ್ಟವರಲ್ಲ, ಆದರೆ ಬಿಸಿ ಏರುತ್ತದೆ. ಹಿಂದೆ ಒಂದು ತೂತು ಹೆಚ್ಚಿಸಿದೆ, ಫ್ಯಾನನ್ನು ತಿರುಗಿಸಿ ಕೂರಿಸಿದೆ, ಡಬ್ಬದ ಕಾಲು ಎತ್ತರ ಮಾಡಿದೆ. ಒಂದೊಂದು ಡಿಗ್ರಿ ಇಳಿದಾಗಲೂ ಸವಿತಳನ್ನು ಕರೆದು ತೋರಿಸುತ್ತಿದ್ದೆ. ಅವಳು ನೋಡಿ, ನನ್ನ ಜ್ವರಕ್ಕೆ ಯಾವತ್ತಾದರೂ ಇಷ್ಟು ಸಲ ಥರ್ಮಾಮೀಟರ್ ಇಟ್ಟಿದ್ದೀರಾ ಎಂದು ಕೇಳಿದಳು.

ಆಟಕ್ಕೆ ಸ್ಟೇರಿಂಗ್ ಸಿಗುತ್ತದೆ, ಪೆಡಲೂ ಸಿಗುತ್ತದೆ. ಪೆಡಲಿನ ಮುಂದೆ ಕೂತು ಸ್ವಲ್ಪ ಹೊತ್ತು ಯೋಚಿಸಿದೆ. ಕಾಲಿನ ಕೆಲಸ ಕೈಗೆ ಬರಬೇಕು. ಪೆಡಲುಗಳನ್ನು ಕಿತ್ತು ಸ್ಟೇರಿಂಗಿನ ಹಿಂದೆ ಎರಡು ಅಡ್ಡ ಕಡ್ಡಿಗಳಾಗಿ ಜೋಡಿಸಿದೆ. ಒಂದು ಒತ್ತಿದರೆ ವೇಗ, ಒಂದು ಒತ್ತಿದರೆ ಬ್ರೇಕು. ಗಾಲಿಕುರ್ಚಿಯ ಕೈಗಳ ಮೇಲೆ ಅಡ್ಡಲಾಗಿ ಒಂದು ಹಲಗೆ, ಹಲಗೆಯ ಮೇಲೆ ಸ್ಟೇರಿಂಗು, ಎದುರಿಗೆ ಮನೆಯ ಟೀವಿಯೇ ಪರದೆ.

ಮೊದಲ ದಿನ ಅವನು ಹಲಗೆಯ ಮುಂದೆ ಕೂತ. ಸ್ಟೇರಿಂಗ್ ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಇಪ್ಪತ್ತು ವರ್ಷ ದಿನಾ ಬೆಳಿಗ್ಗೆ ಮಾಡಿದ್ದನ್ನೇ ಮಾಡಿದ. ನಾನು ಅಡುಗೆಮನೆಗೆ ಹೋಗಿ ನೀರು ಕುಡಿದು ಬಂದೆ. ಬರುವಷ್ಟರಲ್ಲಿ ಲಾರಿ ಹೊರಟಿತ್ತು. ಯೂರೋಪಿನ ಯಾವುದೋ ಹೆದ್ದಾರಿ, ಕನ್ನಡಿಯ ಹಾಗೆ ನುಣುಪು. ಅವನು ಪ್ರತಿ ತಿರುವಿನಲ್ಲೂ ಹಾರನ್ ಹೊಡೆಯುತ್ತಿದ್ದ. ಹತ್ತು ನಿಮಿಷ ಕಳೆದ ಮೇಲೆ ಕೇಳಿದ, “ಇದ್ಯಾವೂರ್ಲಾ? ಒಂದು ದನ ಇಲ್ಲ, ಒಂದು ನಾಯಿ ಇಲ್ಲ. ಇಲ್ಲಿ ಜನ ಬದುಕವ್ರೊ ಇಲ್ವೊ?”

ಆ ತಿಂಗಳು ನಮ್ಮ ಮನೆಗೆ ಮಾತು ಬಂತು. ಸಂಜೆ ನಾನು ಕಾಲೇಜಿನಿಂದ ಬಂದರೆ ಇವತ್ತು ಎಲ್ಲಿಂದ ಎಲ್ಲಿಗೆ ಏನು ಲೋಡು ಹೊಡೆದೆ, ಎಲ್ಲಿ ನಿದ್ದೆ ಬಂತು, ಎಲ್ಲಿ ಪೊಲೀಸ್ ಹಿಡಿದ ಎಂದು ವರದಿ ಕೊಡುತ್ತಿದ್ದ. ಆಟದಲ್ಲಿ ಊಟದ ಹೊತ್ತಾದರೆ ರಸ್ತೆಬದಿ ಲಾರಿ ನಿಲ್ಲಿಸಿ, ಇಂಜಿನ್ ಆರಿಸಿ, ಸವಿತ ಕೊಟ್ಟ ಕಾಫಿ ಕುಡಿದು ಮತ್ತೆ ಹೊರಡುತ್ತಿದ್ದ. ಅವಸರಪಡುತ್ತಿರಲಿಲ್ಲ. ಮಲಯಾಳಂ ಬೈಗುಳಗಳು ವಾಪಸು ಬಂದವು. ಅವನು ಹಿಂದೆ ಇದ್ದ ಹಾಗೆ ಆಗುತ್ತಿದ್ದ. ನಾನು ಹೆಮ್ಮೆಯಿಂದ ಓಡಾಡಿದೆ, ಲ್ಯಾಬಿನಲ್ಲಿ ಕೇಳಿದವರಿಗೂ ಕೇಳದವರಿಗೂ ಹೇಳಿದೆ.

ಅಮಾವಾಸ್ಯೆ ಬಂತು. ಚೀಲದ ಜೊತೆ ಇನ್ನೊಂದು ಚೀಲ ಸೇರಿತು, ಅದರಲ್ಲಿ ಕಂಪ್ಯೂಟರು; ಸ್ಟೇರಿಂಗಿನ ಹಲಗೆ ಡಿಕ್ಕಿಗೆ. ನೋಡಿದೆಯಾ, ಎಲ್ಲಿಗೆ ಹೋದರೂ ನಿನ್ನ ಜೊತೆ ಬರುತ್ತದೆ ಎಂದು ನಾನೇ ಕಾರಿನೊಳಗೆ ಇಟ್ಟೆ. ಅವನು ಅದನ್ನು ಡಿಕ್ಕಿಯಲ್ಲಿ ಇಡಲು ಬಿಡದೆ ತೊಡೆಯ ಮೇಲೆ ಇರಿಸಿಕೊಂಡು ಹೋದ.

ಅದು ಭೀಮನಬೀಡಿನಲ್ಲಿ ಅರಿಶಿನ ಬೇಯಿಸುವ ಕಾಲ. ಬೇಯಿಸಿ, ಒಣಗಿಸಿ, ಡ್ರಮ್ಮಿಗೆ ಹಾಕಿ ತಿರುಗಿಸಿ ಪಾಲಿಶ್ ಮಾಡುವಾಗ ಏಳುವ ಧೂಳು ನಿಮಗೆ ಗೊತ್ತಿಲ್ಲದಿದ್ದರೆ ನಿಮ್ಮ ಪುಣ್ಯ. ಗೋಡೆ ಹಳದಿ, ಬೆಕ್ಕು ಹಳದಿ, ಅನ್ನವೂ ಒಂದಿಷ್ಟು ಹಳದಿ. ತಿಂಗಳು ಕಳೆದು ಕಂಪ್ಯೂಟರು ವಾಪಸು ಬಂದಾಗ ಡಬ್ಬ ಬಿಚ್ಚಿದರೆ ಒಳಗೆ ಮದುಮಗಳ ಹಾಗೆ ಅರಿಶಿನ ಹಚ್ಚಿಕೊಂಡು ಕೂತಿತ್ತು. ಫ್ಯಾನು ತಿರುಗುವ ಬದಲು ಗೊರಗುಟ್ಟುತ್ತಿತ್ತು. ಆಟದ ನಡುವೆ ಕಾವು ಏರಿ ತಾನಾಗಿ ಆರಿಹೋಗುತ್ತಿತ್ತಂತೆ. ಅದಕ್ಕೆ ಉಷ್ಣ ಆಗಿದೆ, ರಾತ್ರಿ ಇಡೀ ಹೊರಗೆ ಬೆಳದಿಂಗಳಲ್ಲಿಡಿ ಎಂದು ಅತ್ತಿಗೆ ಹೇಳಿದ್ದಳಂತೆ. ನಗಬೇಡಿ. ನನ್ನ ಓದಿನಿಂದ ನಾನು ಕಂಡುಹಿಡಿದದ್ದೂ ಅಷ್ಟೇ, ಅದಕ್ಕೆ ಉಷ್ಣ ಆಗಿತ್ತು.

ಗಾಳಿಯನ್ನು ನಂಬಿ ಪ್ರಯೋಜನವಿಲ್ಲ, ನೀರಿನಿಂದ ತಣಿಸಬೇಕು ಎಂದು ನಿಶ್ಚಯಿಸಿದೆ. ಒಳಗಿನ ಡಬ್ಬವನ್ನು ಧೂಳು ನುಸುಳದಂತೆ ಮುಚ್ಚಿ, ಬಿಸಿಯಾಗುವ ಭಾಗಗಳ ಮೇಲೆ ತಾಮ್ರದ ಸಣ್ಣ ಪೆಟ್ಟಿಗೆ ಕೂರಿಸಿ, ಅದರೊಳಗೆ ನೀರು ಹರಿಸಿ, ಆ ನೀರನ್ನು ಡಬ್ಬದ ಬೆನ್ನಿನ ಮೇಲಿನ ರೇಡಿಯೇಟರಿನಲ್ಲಿ ಆರಿಸುವುದು. ತಾಮ್ರದೊಳಗಿನ ಸೀಳುಗಳು ಕೂದಲಿನಷ್ಟು ಸಣ್ಣವು. ಅದಕ್ಕೆ ಬ್ಯಾಟರಿಗೆ ಹಾಕುವಂಥ ಶುದ್ಧ ನೀರೇ ಆಗಬೇಕು, ಜೊತೆಗೊಂದು ಔಷಧಿ. ನೀರು ಕಾಣಲೆಂದು ಪಕ್ಕದಲ್ಲಿ ಗಾಜಿನಂಥ ಒಂದು ಪುಟ್ಟ ತೊಟ್ಟಿ ಇಟ್ಟೆ, ಅದಕ್ಕೊಂದು ತಿರುಪಿನ ಮುಚ್ಚಳ, ಒಳಗೊಂದು ನೀಲಿ ದೀಪ. ದೀಪ ಬೇಕಿರಲಿಲ್ಲ. ಗಾಜೂ ಬೇಕಿರಲಿಲ್ಲ. ಶೋಕಿ.

ಗುರುಮಲ್ಲಣ್ಣ ಅದನ್ನು ನೋಡಿದ್ದೇ ಮುಖ ಅರಳಿಸಿದ. ರೇಡಿಯೇಟರ್ ಇಟ್ಟಿದ್ದೀಯ ಎಂದ. ಆಟ ಶುರುಮಾಡುವುದನ್ನೇ ಮರೆತು ತೊಟ್ಟಿಯಲ್ಲಿ ನೀರು ಓಡಾಡುವುದನ್ನು ನೋಡುತ್ತ ಕೂತ. ಎಲ್ಲಿ ಹೋಗುತ್ತದೆ, ಎಲ್ಲಿ ಬರುತ್ತದೆ ಎಂದು ಎಲ್ಲ ಕೇಳಿ ತಿಳಿದುಕೊಂಡ. ಇಷ್ಟು ದಿನ ಅದು ಅವನಿಗೆ ಟೀವಿಯ ತಮ್ಮನಾಗಿತ್ತು, ಈಗ ಗಾಡಿಯಾಯಿತು.

ನಾನು ಚಿಕ್ಕವನಾಗಿದ್ದಾಗ ಬೇಸಿಗೆ ರಜೆಯಲ್ಲಿ ಅವನು ನನ್ನನ್ನು ಲಾರಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ಅವನು ಲಾರಿ ಹತ್ತುವ ಮೊದಲು ಮಾಡುತ್ತಿದ್ದ ಕೆಲಸ ಒಂದೇ. ಬಾನೆಟ್ ಎತ್ತುವುದು, ಹಳೆ ಟವಲ್ ಸುತ್ತಿ ರೇಡಿಯೇಟರಿನ ಮುಚ್ಚಳ ತಿರುಗಿಸುವುದು, ಬೆರಳು ಅದ್ದಿ ನೋಡುವುದು, ಕಡಿಮೆಯಿದ್ದರೆ ತುಂಬುವುದು. ನೀರು ಹೊಯ್ಯುವ ಕೆಲಸ ನನ್ನದು. ಎಣ್ಣೆಯ ಹಳೇ ಡಬ್ಬದಲ್ಲಿ ತಂದು ಚಕ್ರದ ಮೇಲೆ ಹತ್ತಿ ನಿಂತು ಹೊಯ್ಯುತ್ತಿದ್ದೆ. ಗುಳುಗುಳು ಎಂದು ಕುಡಿದು ಕುಡಿದು ಕೊನೆಗೆ ಬಾಯಿಗೆ ಬಂದು ನಿಂತರೆ ಸಾಕು ಅನ್ನುತ್ತಿದ್ದ. ಯಾವ ನೀರು ಎಂದು ಯಾರು ಕೇಳುತ್ತಿದ್ದರು? ಕೆರೆಯದೋ, ಬಾವಿಯದೋ, ಹಂಗಳದ ಹೋಟೆಲಿನ ತೊಟ್ಟಿಯದೋ, ಲಾರಿ ಯಾವತ್ತೂ ಜಾತಿ ಕೇಳಲಿಲ್ಲ. ಒಂದು ಸಲ ನಾನು ಬಿಸಿ ಮುಚ್ಚಳಕ್ಕೆ ಕೈ ಹಾಕಿ ಸುಟ್ಟುಕೊಂಡಾಗ ಅವನು ಬೈಯಲಿಲ್ಲ. ಕೈಗೆ ತಣ್ಣೀರು ಹೊಯ್ದು, ಆ ದಿನ ಮುಂದಿನ ಸೀಟಿನ ಕಿಟಕಿ ಪಕ್ಕ ಕೂರಿಸಿಕೊಂಡ, ಅಷ್ಟೇ. ಇದು ನನಗೆ ನೆನಪಾಗಬೇಕಾದ ಹೊತ್ತಿನಲ್ಲಿ ನೆನಪಾಗಲಿಲ್ಲ.

ನೀರಿನ ಯಂತ್ರ ಒಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ ಚೆನ್ನಾಗಿಯೇ ಓಡಿತು. ಮೂರನೆಯ ತಿಂಗಳು ಭೀಮನಬೀಡಿನಿಂದ ಬಂದ ಮೇಲೆ ಸದ್ದು ಮಾಡತೊಡಗಿತು. ಒಂದು ಭಾನುವಾರ ಮಧ್ಯಾಹ್ನ, ಅವನು ಮಳೆಯ ಘಾಟಿಯೊಂದರಲ್ಲಿ ಲಾರಿ ಇಳಿಸುತ್ತಿದ್ದಾಗ ಪರದೆ ಕಪ್ಪಾಯಿತು. ಸುಟ್ಟ ವಾಸನೆ ಬಂತು. ನಾನು ಓಡಿಹೋಗಿ ವೈರು ಕಿತ್ತೆ.

ನಡುಮನೆಯ ನೆಲದ ಮೇಲೆ ಹಳೆ ಪಂಚೆ ಹಾಸಿಕೊಂಡು ಬಿಚ್ಚಿದೆ. ತಾಮ್ರದ ಪೆಟ್ಟಿಗೆ ತೆಗೆದು ನೋಡಿದರೆ ಸೀಳುಗಳೇ ಕಾಣಲಿಲ್ಲ. ಬಿಳಿ ಸುಣ್ಣ, ಸುಣ್ಣದ ಮೇಲೆ ಹಸಿರು ಪಾಚಿ. ನೀರು ತಿರುಗಿಸುವ ಪುಟ್ಟ ಪಂಪು ಕಚ್ಚಿಕೊಂಡು ನಿಂತಿತ್ತು. ಮುಚ್ಚಳದ ಬಾಯಿಂದ ಹನಿ ಇಳಿದು ಬೋರ್ಡಿನ ಮೇಲೆ ಕಲೆಯಾಗಿತ್ತು. ಶುದ್ಧ ನೀರು ಹಾಕಿದ್ದಕ್ಕೆ ಸುಣ್ಣ ಎಲ್ಲಿಂದ ಬಂತು ಎಂದು ಸ್ವಲ್ಪ ಹೊತ್ತು ನಿಜವಾಗಿಯೂ ಅರ್ಥವಾಗಲಿಲ್ಲ. ಆಮೇಲೆ ಅವನ ಮಂಚದ ಪಕ್ಕದ ಸ್ಟೀಲ್ ಲೋಟ ಕಣ್ಣಿಗೆ ಬಿತ್ತು. ಇಷ್ಟು ದಿನ ಅದು ಕುಡಿಯುವ ನೀರಿನದು ಅಂದುಕೊಂಡಿದ್ದೆ.

ನೀರು ಹಾಕಿದ್ದೆಯಾ ಎಂದು ಕೇಳಿದೆ. ಅವನು ಮುಚ್ಚಿಡಲಿಲ್ಲ. ಮುಚ್ಚಿಡುವಂಥದ್ದು ಮಾಡಿದ್ದೇನೆ ಎಂದು ಅವನಿಗೆ ಅನಿಸಿಯೇ ಇರಲಿಲ್ಲ.

“ಹೂಂ ಕಣ್ಲಾ, ದಿನಾ ಬೆಳಿಗ್ಗೆ ನೋಡ್ತಿನಿ. ನೀರು ಒಂದು ಬೆಳ್ಳಿನಷ್ಟು ಕಮ್ಮಿ ಆಗಿರ್ತದ. ಅಲ್ಲಿ ನೀನಿರಾಕಿಲ್ಲ, ಯಾರು ಉಯ್ತರೆ? ಅದ್ಕೆ ನಾನೇ ಉಯ್ದೆ.”

ಅವನ ದನಿಯಲ್ಲಿ ಹೆಮ್ಮೆ ಇತ್ತು. ಗಾಡಿಯನ್ನು ಚೆನ್ನಾಗಿ ನೋಡಿಕೊಂಡಿದ್ದೇನೆ ಎಂಬ ಡ್ರೈವರನ ಹೆಮ್ಮೆ. ಪ್ರತಿದಿನ ಬೆಳಿಗ್ಗೆ ಎದ್ದು, ತೋಳಿನ ಬಲದಿಂದ ಕುರ್ಚಿಗೆ ಸರಿದು, ಆ ಸಣ್ಣ ಮುಚ್ಚಳ ತಿರುಗಿಸಿ, ಬೆರಳು ಅದ್ದಿ ನೋಡಿ, ಲೋಟದಿಂದ ಒಂದು ತೊಟ್ಟು ಬೋರ್‌ವೆಲ್ ನೀರು. ಇದೆಲ್ಲ ನನಗೆ ಈಗ ಕಾಣುತ್ತದೆ. ಆಗ ಕಂಡದ್ದು ಹಾಳಾದ ಕಾರ್ಡು, ನನ್ನ ಎಷ್ಟೋ ಸಂಜೆಗಳು, ನನ್ನ ಕೈಕೆಲಸ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ.

“ಲಾರಿನೂ ಹಿಂಗೇ ಮಾಡ್ದೆ, ಇದ್ನೂ ಹಿಂಗೇ ಮಾಡ್ದೆ. ನಿನ್ ಕೈಗೆ ಏನ್ ಕೊಟ್ರೂ ಇಷ್ಟೇ.”

ಅಡುಗೆಮನೆಯಿಂದ ಸವಿತ ಬಂದು ಬಾಗಿಲಲ್ಲಿ ನಿಂತಳು. ಗುರುಮಲ್ಲಣ್ಣ ಸ್ಟೇರಿಂಗಿನ ಮೇಲೆ ಇಟ್ಟಿದ್ದ ಎರಡು ಕೈಗಳನ್ನೂ ತೆಗೆದು ಮಡಿಲಲ್ಲಿಟ್ಟುಕೊಂಡ. ಆಡಿದ ಮಾತು, ಒಡೆದ ಮುತ್ತು ಅಂತ ಎಷ್ಟು ಸಲ ಕೇಳಿಲ್ಲ ನಾವು? ಕೇಳಿದವರೇ ಆಡುತ್ತೇವೆ. ಆಸ್ಪತ್ರೆಯಲ್ಲಿ ಊರೆಲ್ಲ ಹೇಳಿದಾಗ ಹೇಳದೆ ಉಳಿಸಿಕೊಂಡಿದ್ದ ಮಾತನ್ನು, ಒಂದು ಲೋಟ ನೀರಿಗೋಸ್ಕರ ಹೇಳಿದೆ. ನಾಚಿಕೆಯಾಯಿತು. ನಾಚಿಕೆಯಾದ ಮೇಲೂ ಕ್ಷಮಿಸು ಅನ್ನಲಿಲ್ಲ. ನಮ್ಮ ಮನೆಯಲ್ಲಿ ಅಣ್ಣತಮ್ಮಂದಿರು ಆ ಶಬ್ದ ಬಳಸಿದ್ದನ್ನು ನಾನು ಕೇಳಿಲ್ಲ. ಬದಲಿಗೆ ಅವತ್ತು ಸಂಜೆ ಅವನಿಗಿಷ್ಟವೆಂದು ಮಸಾಲೆದೋಸೆ ಕಟ್ಟಿಸಿಕೊಂಡು ಬಂದೆ. ಅವನು ಅರ್ಧ ತಿಂದ.

ಆ ತಿಂಗಳ ಉಳಿದ ದಿನಗಳು ಹೇಗೆ ಕಳೆದವೆಂದು ಬರೆಯಲು ಏನೂ ಇಲ್ಲ. ಫೋನಿನಲ್ಲಿ ಲಾರಿ ನೋಡುವುದನ್ನೂ ಅವನು ಬಿಟ್ಟಿದ್ದ. ಕಿಟಕಿಯ ಹೊರಗೆ ನೋಡುತ್ತಿದ್ದ, ಹೊರಗೆ ಪಕ್ಕದ ಮನೆಯ ಗೋಡೆ ಇತ್ತು. ಸ್ಟೇರಿಂಗಿನ ಹಲಗೆಯನ್ನು ಸವಿತ ಒರೆಸಿ ಮಂಚದ ಕೆಳಗೆ ಸರಿಸಿದಳು. ಅಮಾವಾಸ್ಯೆಗೆ ಕಾರು ಬಂತು. ಒಂದೇ ಚೀಲ ಹೋಯಿತು. ತೆರಕಣಾಂಬಿ ದಾಟುವವರೆಗೂ ಅವರು ಒಂದು ಮಾತೂ ಆಡಲಿಲ್ಲ, ಮೈ ಹುಷಾರಿಲ್ಲವೇನೋ ಎಂದು ಆ ಡ್ರೈವರೇ ನನಗೆ ಫೋನು ಮಾಡಿ ಹೇಳಿದ.

ನಾನು ಮತ್ತೆ ಸ್ಕ್ರೂಡ್ರೈವರ್ ಹಿಡಿದೆ. ನನಗೆ ಬರುವುದು ಅದೊಂದೇ. ಬಾಯಿ ಸೋತ ಕಡೆ ಕೈಯಲ್ಲಿ ಗೆಲ್ಲುತ್ತೇನೆಂಬ ನಂಬಿಕೆ. ನೀರಿನ ಸಹವಾಸ ಬೇಡವೆಂದು ಎಲ್ಲ ಕಿತ್ತೆ. ಕಡಿಮೆ ಬಿಸಿಯಾಗುವ ಹೊಸ ಕಾರ್ಡು ತರಿಸಿದೆ. ಒಂದೇ ದೊಡ್ಡ ಫ್ಯಾನು, ಅದರ ಮುಂದೆ ಅರಿಶಿನದ ಧೂಳು ಸೋಸಲು ಬಿಚ್ಚಿ ತೊಳೆಯಬಹುದಾದ ತೆಳು ಬಟ್ಟೆ. ರೇಡಿಯೇಟರು ಹೋದದ್ದರಿಂದ ಡಬ್ಬ ಮೊದಲಿಗಿಂತ ಮೂರರಲ್ಲಿ ಒಂದು ಪಾಲು ಸಣ್ಣದಾಯಿತು. ಹೆಗಲಿಗೆ ಹಾಕಿಕೊಳ್ಳುವಂಥ ಚೀಲ ಹೊಲಿಸಿದೆ, ಒಳಗೆ ಸ್ಪಂಜು. ಎರಡು ಗಂಟೆ ಓಡಿಸಿದರೂ ಡಬ್ಬದ ಮೈ ಬೆಚ್ಚಗಾಗುತ್ತಿತ್ತೇ ಹೊರತು ಸುಡುತ್ತಿರಲಿಲ್ಲ. ನನ್ನ ಜೀವನದಲ್ಲಿ ನಾನು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದು. ಈಗಲೂ ಹಾಗೇ ಅನ್ನುತ್ತೇನೆ, ಅದೇ ನನ್ನ ದುಃಖ.

ನಮ್ಮ ಸರದಿ ಬರುವವರೆಗೆ ಕಾಯಲಾಗಲಿಲ್ಲ. ಒಂದು ಭಾನುವಾರ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋಗಿ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಊರಿಗೆ ಹೋದೆ. ಚೀಲ ತೊಡೆಯ ಮೇಲಿತ್ತು. ದಾರಿಯುದ್ದಕ್ಕೂ ತಪ್ಪಾಯಿತು ಅಣ್ಣ ಎಂಬ ಎರಡೇ ಮಾತನ್ನು ಬಾಯಿಪಾಠ ಮಾಡಿದೆ. ಪರೀಕ್ಷೆಗೆ ಹೋಗುವ ದಡ್ಡ ಹುಡುಗನೂ ಅಷ್ಟು ಮಾಡಿರಲಾರ.

ಗುರುಮಲ್ಲಣ್ಣ ಜಗಲಿಯ ಮೇಲೆ ಕೂತಿದ್ದ. ಮೈ ಇಳಿದಿತ್ತು. ನನ್ನನ್ನು ನೋಡಿ ನಕ್ಕ, ಬಾ ಎಂದ. ಚೀಲ ಅವನ ಮಡಿಲಲ್ಲಿಟ್ಟು ತೆರೆದೆ. ತಪ್ಪಾಯಿತು ಎಂದು ಹೇಳಬೇಕಾದ ಬಾಯಲ್ಲಿ ಬಂದದ್ದು ಡಬ್ಬದ ತೂಕ. ಒಂದೇ ಕೈಯಲ್ಲಿ ಎತ್ತಬಹುದು ನೋಡು ಎಂದೆ, ಎತ್ತಿ ತೋರಿಸಿದೆ. ಬಟ್ಟೆ ಬಿಚ್ಚುವುದು ಹೇಗೆ, ತೊಳೆಯುವುದು ಹೇಗೆ, ನೀರು ಹಾಕುವ ರಗಳೆಯೇ ಇಲ್ಲ ಎಂದು ಅಂಗಡಿಯವನ ಹಾಗೆ ಒದರಿದೆ. ಅಷ್ಟು ಹೊತ್ತಿಗೆ ದೊಡ್ಡಣ್ಣ ಹೊಲದಿಂದ ಬಂದು ಕೈಕಾಲು ತೊಳೆದು, ಟವಲ್ಲಿನಲ್ಲಿ ಮುಖ ಒರೆಸುತ್ತ ಬಾಗಿಲ ಹತ್ತಿರ ನಿಂತ. ಒಳಗೆ ಅತ್ತಿಗೆ ಮುದ್ದೆ ತೊಳಸುತ್ತಿದ್ದಳು.

ಗುರುಮಲ್ಲಣ್ಣ ಡಬ್ಬವನ್ನು ಎರಡೂ ಕಡೆ ತಿರುಗಿಸಿ ನೋಡಿದ. ಬೆರಳಿನಿಂದ ಅದರ ಅಂಚು ಸವರಿದ. ಚೆನ್ನಾಗಿದೆ ಎಂದ. ಇನ್ನೂ ಸಣ್ಣದು ಮಾಡಿಬಿಟ್ಟಿದ್ದೀಯ ಎಂದ. ನಾನು ಖುಷಿಯಿಂದ ಹೂಂ ಎಂದೆ. ಆಮೇಲೆ ನನ್ನನ್ನು ನೋಡದೆ, ಮೆಲ್ಲಗೆ ಹೇಳಿದ.

“ನಂಗೆ ದೊಡ್ಡದೊಂದು ಮಾಡ್ಕೊಡ್ಲಾ. ನಾಕಾಳು ಎತ್ತುದ್ರೂ ಅಲ್ಲಾಡ್ಬಾರ್ದು. ಗ್ವಾಡೆಗೆ ಬೋಲ್ಟ್ ಒಡ್ದು ನಿಲ್ಸ್ಬುಡು. ನೀರು ಬೇಕಾರೆ ನೀನೇ ಉಯ್ಕೊ, ನಾನು ಮುಟ್ಟಾಕಿಲ್ಲ.”

ನಾನು ಕೆಲಸಗಾರ. ಜಾಗ ಅಳೆಯದೆ ಯಾವುದನ್ನೂ ಕೂರಿಸಿದವನಲ್ಲ. ಅವನು ಹೇಳಿದ್ದು ಪೂರ್ತಿ ಕಿವಿಗೆ ಇಳಿಯುವ ಮೊದಲೇ ಕೇಳಿಬಿಟ್ಟೆ.

“ಯಾರ್ ಮನೇಲಿ ನಿಲ್ಸದು, ಅಣ್ಣ?”

ಮಾತು ಹೊರಗೆ ಬಿದ್ದ ಮೇಲೆ ನನಗೆ ಕೇಳಿಸಿತು. ನಾನು ದೊಡ್ಡಣ್ಣನನ್ನು ನೋಡಿದೆ, ದೊಡ್ಡಣ್ಣ ನನ್ನನ್ನು ನೋಡಿದ. ಒಳಗೆ ಮುದ್ದೆ ತೊಳಸುವ ಕೋಲಿನ ಸದ್ದು ನಿಂತಿತು. ಇಬ್ಬರಲ್ಲಿ ಒಬ್ಬರು ನನ್ನ ಮನೆಯಲ್ಲಿ ಎಂದರೆ ಮುಗಿಯುತ್ತಿತ್ತು. ದೊಡ್ಡಣ್ಣ ಹೇಳಲಿ ಎಂದು ನಾನು ಕಾದೆ, ನಾನು ಹೇಳಲಿ ಎಂದು ಅವನು ಕಾದ. ನಮ್ಮ ಬಾಡಿಗೆ ಮನೆಯ ಎರಡು ಕೋಣೆ, ಸವಿತಳ ಬೆನ್ನುನೋವು, ಬಚ್ಚಲಿನ ಮೆಟ್ಟಿಲು ಎಲ್ಲ ನನ್ನ ಕಣ್ಣ ಮುಂದೆ ಬಂದವು. ಅವನ ಕಣ್ಣ ಮುಂದೆ ಏನೇನು ಬಂದವೋ.

ಗುರುಮಲ್ಲಣ್ಣ ನಮ್ಮಿಬ್ಬರ ಮುಖವನ್ನೂ ಒಂದು ಸಲ ನೋಡಿದ. ಡಬ್ಬವನ್ನು ಚೀಲದೊಳಗೆ ಇಳಿಸಿ, ಜಿಪ್ಪನ್ನು ತಾನೇ ಎಳೆದು ಮುಚ್ಚಿದ.

“ಉಂಡ್ಕಂಡು ಓಗ್ಲಾ. ಮೂರ್ ಗಂಟೆ ಬಸ್ಸು ತಪ್ಪೋಯ್ತದ,” ಎಂದ.

ಉಣ್ಣಲಾಗದೆ ಎದ್ದು ಬಂದೆ ಎಂದು ಬರೆದರೆ ನನಗೂ ಸ್ವಲ್ಪ ಮರ್ಯಾದೆ ಉಳಿಯುತ್ತಿತ್ತು. ಆದರೆ ಉಂಡೆ. ಅವನ ಪಕ್ಕದಲ್ಲೇ ಕೂತು ಉಂಡೆ. ಅತ್ತಿಗೆ ಸಾರು ಬೇಕೇ ಎಂದಾಗ ಎರಡನೇ ಸಲವೂ ತಟ್ಟೆ ಒಡ್ಡಿದೆ, ಮೂರು ಗಂಟೆಯ ಬಸ್ಸಿಗೆ ಸರಿಯಾಗಿ ಹೊರಟೆ.